ಹೆಪ್ಪಿನ ಲೆಕ್ಕ

ನನ್ನ ಸಂಶೋಧನೆ ಏನೆಂದು ನೆಂಟರು ಕೇಳಿದರೆ ಅಮ್ಮ ನನಗಿಂತ ಮೊದಲೇ ಉತ್ತರ ಕೊಟ್ಟುಬಿಡುತ್ತಿದ್ದಳು: "ಕ್ರಿಮಿಗಳಿಗೆ ಲೆಕ್ಕ ಕಲಿಸ್ತಾಳೆ." ನಾನು ತಿದ್ದಲು ಹೋಗುತ್ತಿರಲಿಲ್ಲ, ಸರಿಯಾದ ಉತ್ತರ ಅದಕ್ಕಿಂತ ವಿಚಿತ್ರವಾಗಿತ್ತು. ಗಂಡು ಹೆಣ್ಣಿನ ಗೊಡವೆಯಿಲ್ಲದೆ, ಒಂದು ಒಡೆದು ಎರಡಾಗಿ ಹೆಚ್ಚುವ ಜೀವಿಗಳು ಹೊಸ ಜಾಗಕ್ಕೆ ಹೇಗೆ ಹೊಂದಿಕೊಳ್ಳುತ್ತವೆ ಎಂಬುದನ್ನು ಸಮೀಕರಣ ಬರೆದು ಕಂಪ್ಯೂಟರಿನಲ್ಲಿ ಓಡಿಸಿ ನೋಡುವುದು ನನ್ನ ಕೆಲಸ. ಮುಂಬಯಿ ಹೊರವಲಯದ ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತಿ, ಥಾಣೆಯಲ್ಲಿ ಗಾಡಿ ಬದಲಿಸಿ, ಐರೋಲಿ ದಾಟಿ ಬೇಲಾಪುರ ಕಡೆಯ ಕಾಲೇಜಿಗೆ ಹೋಗುತ್ತಿದ್ದೆ. ನಿಜವಾದ ಕ್ರಿಮಿಯೊಂದನ್ನೂ ನಾನು ಕಂಡವಳಲ್ಲ.

ಪ್ರಯೋಗಾಲಯಗಳಲ್ಲಿ ಹೀಗೆ ಮಾಡುತ್ತಾರೆ. ಬ್ಯಾಕ್ಟೀರಿಯಾಗಳನ್ನು ಒಂದು ದಿನ ಬೆಳೆಯಲು ಬಿಟ್ಟು, ಮಾರನೆಯ ದಿನ ಅದರಿಂದ ಒಂದು ಹನಿ ತೆಗೆದು ಹೊಸ ಆಹಾರಕ್ಕೆ ಹಾಕುತ್ತಾರೆ. ಮತ್ತೆ ಮರುದಿನವೂ ಅದೇ. ಒಡೆಯುವಾಗ ಒಮ್ಮೊಮ್ಮೆ ವಂಶವಾಹಿಗಳ ನಕಲು ತಪ್ಪುತ್ತದೆ. ತಪ್ಪಿದ್ದರಲ್ಲಿ ಬಹುಪಾಲು ಕೆಲಸಕ್ಕೆ ಬಾರದ್ದು. ಅಪರೂಪಕ್ಕೊಂದು ಮಾತ್ರ ಚುರುಕಾಗಿ ಬೆಳೆದು ಉಳಿದವನ್ನೆಲ್ಲ ಹಿಂದೆ ಹಾಕುತ್ತದೆ. ಇದನ್ನು ಒಂದು ವರ್ಷ ಓದಿದ ಮೇಲೆ, ಅಮ್ಮ ಪ್ರತಿ ಸಂಜೆ ಮಾಡುವುದೂ ಇದನ್ನೇ ಎಂದು ನನಗೆ ಹೊಳೆಯಿತು. ನಿನ್ನೆಯ ಮೊಸರಿನಿಂದ ಒಂದು ಚಮಚ, ಇವತ್ತಿನ ಹಾಲಿಗೆ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುವುದಿಲ್ಲ.

ಅಮ್ಮ ಮದುವೆಯಾಗಿ ಉಡುಪಿ ಕಡೆಯಿಂದ ಬರುವಾಗ ತವರಿನ ಹೆಪ್ಪನ್ನು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ತಂದಿದ್ದಳಂತೆ. ಅಂದಿನಿಂದ ಅದನ್ನು ತುಂಡಾಗಲು ಬಿಟ್ಟಿಲ್ಲ. ಅವಳು ಊರಿಗೆ ಹೋದಾಗ ಅಪ್ಪ ಹೋಟೆಲಿನ ಗಲ್ಲಾ ಮುಚ್ಚಿ ಬಂದು ಹೆಪ್ಪು ಹಾಕಿಯೇ ಮಲಗಬೇಕಿತ್ತು. ಬಿಲ್ಡಿಂಗಿನವರು ಹೆಪ್ಪು ಕೇಳಲು ಬಂದರೆ "ಇದು ನನ್ನ ಅಮ್ಮನ ಮೊಸರು" ಎಂದು ಹೇಳದೆ ಅಮ್ಮ ಕೊಡುತ್ತಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಅಂಥ ಮನೆಗೆ ಅಜ್ಜಿ, ಅಂದರೆ ಅಮ್ಮನ ಅಮ್ಮ, ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದರು. ಮುಂಬಯಿಯ ಹಾಲು ಮೊಸರಿನ ಮೇಲೆ ಅವರಿಗೆ ನಂಬಿಕೆಯಿಲ್ಲ. ತಮ್ಮ ಹೆಪ್ಪನ್ನು ತಾವೇ ಡಬ್ಬಿಯಲ್ಲಿ ಕಟ್ಟಿ ತಂದಿದ್ದರು. ಮೊದಲ ದಿನದ ಊಟದಲ್ಲಿ ಅಮ್ಮ ತನ್ನ ಮೊಸರನ್ನೇ ಬಡಿಸಿ ಎದುರು ನಿಂತಳು. ಅಜ್ಜಿ ಒಂದು ತುತ್ತು ಉಂಡು, "ಒಳ್ಳೆದುಂಟು. ಆದ್ರೆ ಇದು ನಮ್ಮ ಮೊಸರಲ್ಲ ಮಗಾ" ಎಂದರು.

ಅಮ್ಮ ಮೊಸರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಸಂಜೆ ನಾನು ಕಾಲೇಜಿನಿಂದ ಬಂದು ಬ್ಯಾಗು ಇಳಿಸುವ ಮೊದಲೇ ಅಡುಗೆಮನೆಗೆ ಕರೆದಳು.

"ನೀನು ಓದುವುದು ಇದನ್ನೇ ಅಲ್ವಾ? ಹೇಳು. ಇದು ನನ್ನ ಅಮ್ಮನ ಮೊಸರೇ ಅಲ್ವಾ?"

ವರ್ಷಗಟ್ಟಲೆ ಓದಿದ್ದನ್ನು ಮನೆಯಲ್ಲಿ ಯಾರಾದರೂ ಕೇಳಿದ್ದು ಅದೇ ಮೊದಲು. ನಾನು ಉಬ್ಬಿಹೋದೆ. ವಂಶ ತುಂಡಾಗಿಲ್ಲ, ಆದರೆ ಇಲ್ಲಿನ ಸೆಕೆಗೆ, ಪ್ಯಾಕೆಟ್ ಹಾಲಿಗೆ ಹೊಂದಿದವು ಗೆದ್ದು ಹಳೆಯವನ್ನು ಅಳಿಸಿರುತ್ತವೆ, ಹೀಗೆ ಎಷ್ಟು ಸಲ ಆಗಿದೆಯೋ ಎಂದೆ. ಅಷ್ಟಕ್ಕೇ ನಿಲ್ಲಿಸದೆ, ಊರಲ್ಲಿ ಅಜ್ಜಿಯ ಮೊಸರೂ ಇಷ್ಟು ವರ್ಷ ಸುಮ್ಮನೆ ಕೂತಿಲ್ಲ, ಅದೂ ಬದಲಾಗಿದೆ ಎಂದೂ ಸೇರಿಸಿದೆ.

"ಹಾಗಾದ್ರೆ ನಾನು ತಂದ ಮೊಸರು ಈಗ ಎಲ್ಲುಂಟು?"

"ಎಲ್ಲೂ ಇಲ್ಲಮ್ಮ."

ಅವಳಿಗೆ ಬೇಕಿದ್ದದ್ದು ಒಂದು 'ಹೌದು' ಮಾತ್ರ. ಅವಳ ಮುಖ ನೋಡಿ ನನಗೆ ತುಂಬ ಬೇಸರವಾಯಿತು.

ಅಂದಿನಿಂದ ಕಟ್ಟೆಯ ಮೇಲೆ ಎರಡು ಪಾತ್ರೆ. ಅಮ್ಮನದು ಬೆಳಗಾಗುವಷ್ಟರಲ್ಲಿ ಗಟ್ಟಿಯಾಗುತ್ತಿತ್ತು, ಅಜ್ಜಿಯದು ಅದೇ ಹಾಲಿನಲ್ಲಿ ಮಧ್ಯಾಹ್ನದವರೆಗೆ ತೊಳಲುತ್ತಿತ್ತು. ನಾನು ದಿನಾ ಎರಡನ್ನೂ ಓರೆಮಾಡಿ ನೋಡಿಯೇ ಗಾಡಿ ಹಿಡಿಯುತ್ತಿದ್ದೆ. ಅಜ್ಜಿಯ ಆಪರೇಷನ್ ಆಯಿತು. ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡರೂ ಅವರು ಸುಮ್ಮನೆ ಕೂರುವ ಜೀವವಲ್ಲ. ಒಂದು ಮಧ್ಯಾಹ್ನ ಎರಡೂ ಪಾತ್ರೆಯ ತಳದಲ್ಲಿ ಸ್ವಲ್ಪ ಸ್ವಲ್ಪ ಉಳಿದದ್ದು ಕಂಡು, ಒಂದರದನ್ನು ಇನ್ನೊಂದಕ್ಕೆ ಸುರಿದು ಕದಡಿಬಿಟ್ಟರು. "ಮೊಸರು ಚೆಲ್ಲಬಾರದು. ಇಷ್ಟಿಷ್ಟಕ್ಕೆ ಎರಡೆರಡು ಪಾತ್ರೆ ಎಂತಕ್ಕೆ?" ಎಂದರು.

ಇನ್ನು ಹೆಪ್ಪಿಗೆ ಉಳಿದದ್ದು ಅದೊಂದೇ. ಅಮ್ಮ ತಲೆಯ ಮೇಲೆ ಕೈ ಹೊತ್ತಳು. ನಾನೋ, ನಾಚಿಕೆ ಬಿಟ್ಟು ಹೇಳುವುದಾದರೆ, ಒಳಗೊಳಗೇ ಕುಣಿದೆ. ಯಾವ ತಳಿ ಬಲವಾದದ್ದೆಂದು ತಿಳಿಯಲು ಪ್ರಯೋಗಾಲಯದಲ್ಲಿ ಬೇಕೆಂದೇ ಎರಡನ್ನು ಬೆರೆಸುತ್ತಾರೆ. ಅದು ನಮ್ಮ ಅಡುಗೆಮನೆಯಲ್ಲಿ ಬಿಟ್ಟಿ ನಡೆದಿತ್ತು.

ಮರುದಿನ ಕಾಲೇಜಿನಲ್ಲಿ ಎರಡು ಮೊಸರನ್ನೂ ಲೆಕ್ಕಕ್ಕೆ ಇಳಿಸಿದೆ. ನನಗೆ ಅಪ್ಪನ ಮೂಗೂ ಅಮ್ಮನ ಹಟವೂ ಒಟ್ಟಿಗೆ ಬಂದಿವೆ. ಒಡೆದು ಹೆಚ್ಚುವ ಜೀವಿಗಳಿಗೆ ಆ ಭಾಗ್ಯವಿಲ್ಲ. ಅಜ್ಜಿಯ ಮೊಸರಿನಲ್ಲಿ ಒಂದು ಒಳ್ಳೆಯ ಗುಣ, ಅಮ್ಮನದರಲ್ಲಿ ಇನ್ನೊಂದು ಇದ್ದರೆ ಅವೆರಡು ಒಂದೇ ಮೈಗೆ ಬರುವುದಿಲ್ಲ. ಒಂದು ಉಳಿಯಬೇಕಾದರೆ ಇನ್ನೊಂದು ಹೋಗಬೇಕು. ಪರದೆಯ ಮೇಲೆ ಅಜ್ಜಿಯ ಮೊಸರಿಗೆ ಕೊಟ್ಟ ಬಣ್ಣ ದಿನದಿಂದ ದಿನಕ್ಕೆ ತೆಳ್ಳಗಾಗಿ, ಒಂದು ದಿನ ಹೆಪ್ಪಿನ ಚಮಚದೊಳಗೆ ಅವರ ಕಡೆಯವರು ಯಾರೂ ಇರಲಿಲ್ಲ. ನನ್ನ ಮಾದರಿ ಒರಟು, ನಿಜ. ಮೊಸರಿನಲ್ಲಿ ಹಲವು ಜಾತಿಗಳಿರುತ್ತವೆ, ನಾನು ಎರಡೇ ಇಟ್ಟಿದ್ದೆ. ಬೇಗ ಗಟ್ಟಿಯಾಗುವುದೇ ಬೇಗ ಬೆಳೆಯುವುದು ಎಂದು ಊಹಿಸಿದವಳೂ ನಾನೇ. ಆದರೂ ಎಷ್ಟು ಸಲ ಓಡಿಸಿದರೂ ಅಮ್ಮನದೇ ಗೆದ್ದಿತು.

ಅಜ್ಜಿಯ ಪಟ್ಟಿ ಬಿಚ್ಚಿ, ಊರಿಗೆ ಟಿಕೆಟ್ಟೂ ಆದ ಮೇಲೆ ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದೆವು. ಅಜ್ಜಿ ಮೊಸರನ್ನ ಕಲಸಿ ಉಂಡು, ಇನ್ನಷ್ಟು ಹಾಕಿಸಿಕೊಂಡು, ಅಮ್ಮನ ಕಡೆ ತಿರುಗಿದರು.

"ಈಗ ನೋಡು. ಇದು ನಮ್ಮ ಮೊಸರು. ನನ್ನ ಹೆಪ್ಪು ಬಿದ್ದ ಮೇಲೆ ಸರಿ ಆಯ್ತು."

ನನ್ನ ಬಾಯಿ ತುರಿಸಿತು. ಹೇಗೋ ನುಂಗಿಕೊಂಡೆ. ಬದಲಾದದ್ದು ಮೊಸರೋ, ಅಷ್ಟು ವಾರ ಇಲ್ಲಿ ಉಂಡ ಅಜ್ಜಿಯ ನಾಲಗೆಯೋ ಎಂಬುದಕ್ಕೆ ನನ್ನಲ್ಲಿ ಸಮೀಕರಣವಿರಲಿಲ್ಲ.

ಅಜ್ಜಿ ಕೈತೊಳೆಯಲು ಎದ್ದಾಗ ಅಮ್ಮ ನನ್ನ ಹತ್ತಿರ ಬಗ್ಗಿ ದನಿ ತಗ್ಗಿಸಿ ಕೇಳಿದಳು.

"ಎಂತ ಹೇಳ್ತದೆ ನಿನ್ನ ಕಂಪ್ಯೂಟರ್? ಉಳಿದದ್ದು ಯಾರದ್ದು?"

"ನಿನ್ನದು."

"ಅವರದ್ದು ಸ್ವಲ್ಪವೂ ಇಲ್ವಾ?"

"ಇರಲಿಕ್ಕಿಲ್ಲ."

ಒಂದು ಕ್ಷಣ ಅವಳ ಮುಖ ಅರಳಿತು. ಮರುಕ್ಷಣ ಕಣ್ಣಲ್ಲಿ ನೀರು ಬಂತು. ನಲ್ಲಿಯ ಸದ್ದು ಬರುತ್ತಿದ್ದ ಕಡೆಗೆ ನೋಡಿದಳು.

"ಅಮ್ಮನಿಗೆ ಹೇಳ್ಬೇಡ," ಎಂದಳು. "ಅವರದ್ದೇ ಅಂತ ಇರ್ಲಿ."