ಭಾವನ ಜೀಪಿಗೆ ಹೊಸ ವೈರು

ಸಂಜೆ ನಾಲ್ಕು ಮೂವತ್ತೈದು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದಾಗಲೆಲ್ಲ ನನ್ನೊಳಗಿನ ಗಡಿಯಾರ ಇದೊಂದೇ ಹೊತ್ತನ್ನು ತೋರಿಸುತ್ತದೆ. ಮೊನ್ನೆ ದೆಹಲಿ ಪಕ್ಕದ ಇಂದಿರಾಪುರಂನ ನಮ್ಮ ಮನೆಯಲ್ಲಿ ಚಟ್ನಿ ರುಬ್ಬುವಾಗ ಮಿಕ್ಸಿಯ ಪ್ಲಗ್ಗು ಕರಗಿ ಹೊಗೆಯಾಡಿತು. ಹೆಂಡತಿ ಸ್ವಿಚ್ಚು ಆರಿಸಿ, ಪ್ಲಗ್ಗನ್ನು ಬಟ್ಟೆಯಲ್ಲಿ ಹಿಡಿದು ಕಿತ್ತು, ಮಿಕ್ಸಿಯನ್ನು ಮೂಲೆಗೆ ಸರಿಸಿ ಕೈತೊಳೆದುಕೊಂಡಳು. ಅಷ್ಟು ಹೊತ್ತಿಗೆ ನಾನು ಬಾಲ್ಕನಿಯಲ್ಲಿ ಬರಿಗಾಲಲ್ಲಿ ನಿಂತಿದ್ದೆ. ಅಲ್ಲಿಗೆ ಹೇಗೆ ಹೋದೆನೆಂದು ಕೇಳಬೇಡಿ, ನನಗೇ ಗೊತ್ತಿಲ್ಲ.

ಇಪ್ಪತ್ತು ವರ್ಷಗಳ ಹಿಂದೆ ನಾನು ದೆಹಲಿಯಲ್ಲಿ ಎಂ.ಎ. ಓದುತ್ತ, ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅಕ್ಕ-ಭಾವನ ಜೊತೆಗಿದ್ದೆ. ಭಾವನಿಗೆ ಕೇಂದ್ರ ಸಚಿವಾಲಯದಲ್ಲಿ ಗುಮಾಸ್ತಿಕೆ. ಹಗಲೆಲ್ಲ ಕಡತಗಳನ್ನು ಒಂದು ಮೇಜಿನಿಂದ ಇನ್ನೊಂದಕ್ಕೆ ಕಳಿಸಿ, ಯಾವುದೂ ಮುಗಿಯದೆ ಮನೆಗೆ ಬರುವ ಮನುಷ್ಯನಿಗೆ ತನ್ನ ಕೈಯಿಂದ ಏನಾದರೊಂದು ಪೂರ್ತಿಯಾಗಬೇಕೆಂಬ ಆಸೆ. ಮಿಲಿಟರಿ ಹರಾಜಿನಲ್ಲಿ ಒಂದು ಹಳೆಯ ಜೀಪು ಕೊಂಡು ತಂದದ್ದು ಆ ಆಸೆಯಿಂದಲೇ ಇರಬೇಕು.

ಜೀಪಿನ ಎಂಜಿನ್ನು ಗಟ್ಟಿಯಾಗಿತ್ತು. ವೈರುಗಳ ಹೊದಿಕೆ ಮಾತ್ರ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಭಾವ ಅವನ್ನೆಲ್ಲ ಒಟ್ಟಾಗಿ ಬಿಚ್ಚಿ ತಂದು ಹಿಂದಿನ ಅಂಗಳದಲ್ಲಿ ಹಳೆಯ ಬೆಡ್‌ಶೀಟಿನ ಮೇಲೆ ಹಾಸಿದರು. ಅದರ ಪಕ್ಕಕ್ಕೆ ಹೊಸ ವೈರುಗಳನ್ನು ಅಳತೆಗೆ ಕತ್ತರಿಸಿ, ದೀಪಕ್ಕೆ ಕೆಂಪು, ಹಾರ್ನಿಗೆ ಹಳದಿ ಎಂದು ಜೋಡಿಸಿ, ಕಪ್ಪು ಟೇಪು ಸುತ್ತುತ್ತ ಕೂತರೆ ಊಟಕ್ಕೂ ಏಳುತ್ತಿರಲಿಲ್ಲ.

“ರೀ, ಇಷ್ಟು ಪ್ರೀತಿಯಿಂದ ಒಂದು ದಿನವಾದ್ರೂ ನನ್ನ ಜಡೆ ಹೆಣೆದಿದ್ದೀರಾ?” ಎಂದು ಅಕ್ಕ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

“ನಿನ್ನ ಜಡೇಲಿ ಕರೆಂಟ್ ಹರಿಯಲ್ವಲ್ಲೇ.”

“ನಿಮ್ಮ ಜೀಪಲ್ಲಿ ಹರಿಯುತ್ತಾ? ಅದನ್ನ ಮೊದಲು ನೋಡ್ಕೊಳ್ಳಿ.”

ಇಲ್ಲಿ ನಮ್ಮ ಕ್ವಾರ್ಟರ್ಸಿನ ಒಂದು ಅಭ್ಯಾಸವನ್ನು ಹೇಳಬೇಕು. ಮೇ ತಿಂಗಳಲ್ಲಿ ಕೂಲರ್ ಹಾಕಿದರೆ ಸಾಕು, ಮನೆಯ ಫ್ಯೂಸು ಹಾರುತ್ತಿತ್ತು. ದೂರು ಕೊಟ್ಟರೆ ಲೈನ್‌ಮನ್ ಭಯ್ಯಾ ಬರುವಷ್ಟರಲ್ಲಿ ಮನುಷ್ಯರು ಬೆಂದಿರುತ್ತಿದ್ದರು. ಅದಕ್ಕೆ ಮನೆಮನೆಯಲ್ಲೂ ಒಂದೇ ಔಷಧ: ಫ್ಯೂಸಿನ ಸಣ್ಣ ತಂತಿ ತೆಗೆದು ದಪ್ಪ ತಾಮ್ರದ ತಂತಿ ಸುತ್ತಿಬಿಡುವುದು. ಆಮೇಲೆ ಫ್ಯೂಸು ಹಾರುವುದೇ ಇಲ್ಲ. ಎಂ.ಎ. ಓದುತ್ತಿದ್ದ ನನಗೂ ಅದು ಬುದ್ಧಿವಂತಿಕೆಯಾಗಿಯೇ ಕಂಡಿತ್ತು. ಜೀಪಿನ ಫ್ಯೂಸು ಮತ್ತೆ ಮತ್ತೆ ಸುಟ್ಟುಹೋಗತೊಡಗಿದಾಗ ಭಾವ ಒಳಗೆ ಬಂದು ಅದೇ ತಂತಿಯ ಸುರುಳಿಯನ್ನು ತೆಗೆದುಕೊಂಡು ಹೋದರು. “ಈಗ ಹೇಗೆ ಹೋಗುತ್ತೆ ನೋಡೋಣ,” ಎಂದರು. ಹೋಗಲಿಲ್ಲ.

ಆ ವರ್ಷ ಆಯುಧಪೂಜೆ ಮಂಗಳವಾರ ಬಂತು. ನಾಲ್ಕೂವರೆಗೆ ರಾಹುಕಾಲ ಮುಗಿಯುತ್ತದೆ, ಅದಕ್ಕೆ ಮುಂಚೆ ಕೀಲಿ ಮುಟ್ಟಕೂಡದೆಂದು ಅಕ್ಕನ ಆಜ್ಞೆ. ಜೀಪಿಗೆ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು ಕಾದೆವು. ಅಕ್ಕ-ಭಾವನ ಮಗಳು ನಿಧಿಗೆ ಆಗ ಐದು ವರ್ಷ. ಹೊಸ ಫ್ರಾಕು ತೊಟ್ಟು ಮುಂದಿನ ಸೀಟು ಹಿಡಿದು ಕೂತಿದ್ದಳು. ಬಾಗಿಲಿಲ್ಲದ ಜೀಪಿನಿಂದ ಅವಳು ಬೀಳದಿರಲೆಂದು ಭಾವ ಅಡ್ಡಲಾಗಿ ನೈಲಾನ್ ಹಗ್ಗ ಬಿಗಿದು, ಅದಕ್ಕೆ ಚೆಂಡುಹೂವಿನ ಹಾರ ಸುತ್ತಿದ್ದರು.

“ಪಪ್ಪಾ, ಹಾರ್ನ್ ಮೈಂ ಬಜಾಊಂಗೀ!”

“ನೀನೇ ಬಾರಿಸು ರಾಣಿ. ಮೊದಲು ದೀಪ.”

ಭಾವ ನಿಂತಲ್ಲಿಂದಲೇ ಒಳಗೆ ಕೈಚಾಚಿ ಕೀಲಿ ತಿರುಗಿಸಿ, ದೀಪದ ಗುಂಡಿ ಎಳೆದರು. ಎರಡೂ ದೀಪಗಳು ಹೊತ್ತಿದವು. ನೆರೆಯವರು ಚಪ್ಪಾಳೆ ತಟ್ಟಿದರು. ಆರತಿ ತಟ್ಟೆ ಹಿಡಿದಿದ್ದ ನಾನು, ಡ್ಯಾಶ್‌ಬೋರ್ಡಿನ ಕೆಳಗೆ ಎದ್ದ ನೀಲಿ ಹೊಗೆಯನ್ನು ಯಾರೋ ಹಚ್ಚಿಟ್ಟ ಊದಿನಕಡ್ಡಿಯದು ಅಂದುಕೊಂಡೆ. ಮರುಕ್ಷಣ ಕೆಂಪು ವೈರಿನ ಉದ್ದಕ್ಕೂ ಬೆಂಕಿ ಓಡಿತು. ಓಡಿತು ಅಂದೆನಲ್ಲ, ನಿಜವಾಗಿಯೂ ಓಡಿತು. ಅದಕ್ಕೆ ಹೋಗುವ ದಾರಿ ಗೊತ್ತಿದ್ದಂತಿತ್ತು. ನಿಧಿ ಹಗ್ಗವನ್ನು ತಳ್ಳುತ್ತಿದ್ದಳು. ಗಂಟು ಬಿಗಿಯಾಗಿತ್ತು. ಅಕ್ಕ ಹಿಂದಿನಿಂದ ಜೀಪು ಹತ್ತಿ, ಮಗುವಿನ ರಟ್ಟೆ ಹಿಡಿದು ಸೀಟಿನ ಮೇಲಿಂದ ಎಳೆದುಕೊಂಡಳು. ಪಕ್ಕದ ಮನೆಯ ಆಂಟಿ “ಪಾನೀ ಮತ್ ಡಾಲೋ, ಮಿಟ್ಟೀ ಡಾಲೋ!” ನೀರಲ್ಲ, ಮಣ್ಣು ಹಾಕಿ ಎಂದು ಕೂಗುತ್ತ ತುಳಸಿ ಕುಂಡವನ್ನೇ ತಂದು ಸುರಿದರು. ಭಾವ ಬಾನೆಟ್ಟು ಎತ್ತಿ, ಕಾದು ಕೆಂಪಾಗಿದ್ದ ಬ್ಯಾಟರಿಯ ವೈರನ್ನು ಬರಿಗೈಯಲ್ಲಿ ಕಿತ್ತರು. ಬೆಂಕಿ ಆರಿತು. ವೈರು ಅವರ ಅಂಗೈಗೆ ಅಂಟಿಕೊಂಡಿತ್ತು.

ಕಾರಣ ಆಮೇಲೆ ಕಂಡಿತು. ಎಂಜಿನ್ನಿನ ಹಿಂದಿನ ತಗಡಿನ ತೂತಿನಲ್ಲಿ ವೈರು ಹಾಯಿಸುವಾಗ ಒಂದು ರಬ್ಬರಿನ ಬಳೆ ಹಾಕಬೇಕಿತ್ತು, ಹಾಕಿರಲಿಲ್ಲ. ತಗಡಿನ ಅಂಚು ವೈರನ್ನು ದಿನದಿನವೂ ಕೊರೆಯುತ್ತಿತ್ತು. ಫ್ಯೂಸು ಅದನ್ನೇ ಹೇಳುತ್ತ ಬಂದಿತ್ತು. ನಾವು ಅದರ ಬಾಯಿಗೆ ತಾಮ್ರ ತುರುಕಿದ್ದೆವು.

ಮಗುವಿಗೆ ಒಂದು ತರಚು ಗಾಯವೂ ಆಗಲಿಲ್ಲ. ಆದರೆ ಆ ಮನೆಯ ನಿದ್ದೆ ಹೋಯಿತು. ಭಾವ ಮಲಗುವ ಮುಂಚೆ ಮೇನ್ ಸ್ವಿಚ್ಚು ಇಳಿಸಿಬಿಡುತ್ತಿದ್ದರು. ಆಮೇಲೂ ಎದ್ದು ಬಂದು ಕತ್ತಲಲ್ಲಿ ಒಂದೊಂದು ಸ್ವಿಚ್ಚಿನ ಬಳಿ ಮೂಗಿಟ್ಟು ನೋಡುತ್ತಿದ್ದರು. ನಿಧಿ ಎತ್ತಿಕೋ ಎಂದು ಬಂದರೆ ಪಟ್ಟಿ ಕಟ್ಟಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು “ಅಮ್ಮನ ಹತ್ರ ಹೋಗಮ್ಮ,” ಎನ್ನುತ್ತಿದ್ದರು. ಪಟ್ಟಿ ಬಿಚ್ಚಿದ ಮೇಲೂ ಅದೇ ಮಾತು. ಅದಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿದ್ದು ಅಕ್ಕ. ಉಪ್ಪು ಕಡಿಮೆಯಾದರೂ ಗಂಡನನ್ನೇ ಬೈಯುವ ಅಕ್ಕ ಇದೊಂದಕ್ಕೆ ಬೈಯಲಿಲ್ಲ.

“ಒಂದು ಮಾತು ಬೈದುಬಿಡೇ,” ಎಂದು ಭಾವ ಕೇಳಿದ್ದು ನನ್ನ ಕಿವಿಗೇ ಬಿದ್ದಿದೆ.

“ಬೈಯೋಕೆ ಏನಿದೆ? ಊಟ ಮಾಡಿ.”

ಹೀಗೆ ಮರ್ಯಾದೆಯಿಂದ ಮಾತಾಡುತ್ತಲೇ ಈ ಇಬ್ಬರೂ ಬೇರೆಯಾಗುತ್ತಾರೆ ಎಂದು ನನಗೆ ಅನ್ನಿಸತೊಡಗಿತ್ತು.

ಜೀಪು ಹಳೆ ಕಬ್ಬಿಣ ಕೊಳ್ಳುವ ಕಬಾಡಿಯವನ ಪಾಲಾಯಿತು. ಚಳಿ ಬಂತು. ಒಂದು ಭಾನುವಾರ ಬೆಳಿಗ್ಗೆ ಅಕ್ಕ ನಿಧಿಯ ಸ್ನಾನಕ್ಕೆ ನೀರು ಕಾಯಿಸುವ ರಾಡು ಹುಡುಕಿದಳು. ಭಾವ ಅದನ್ನು ಪೇಪರಿನಲ್ಲಿ ಸುತ್ತಿ ಅಲಮಾರಿಯ ಮೇಲೆ ಬಚ್ಚಿಟ್ಟಿದ್ದರು. ಅದು ಕೈಗೆ ಸಿಕ್ಕಿದ್ದೇ ತಡ, ಅಕ್ಕ ಅಡುಗೆಮನೆಯಿಂದಲೇ ಶುರು ಮಾಡಿದಳು.

“ಇನ್ನು ಎಷ್ಟು ದಿನ ರೀ ನಮ್ಮನ್ನ ಕತ್ತಲಲ್ಲಿ, ತಣ್ಣೀರಲ್ಲಿ ಇಡ್ತೀರಾ? ಫ್ಯೂಸು ಹೋದಾಗೆಲ್ಲ ನಾನು ಹೇಳ್ದೆ, ಯಾರನ್ನಾದ್ರೂ ಕರೆಸಿ ತೋರ್ಸಿ ಅಂತ. ಕೇಳಿದ್ರಾ? ದೊಡ್ಡ ಇಂಜಿನಿಯರ್ರು! ತಂತಿ ಸುತ್ತಿದ್ರಿ, ಹಗ್ಗ ಕಟ್ಟಿದ್ರಿ, ಮಗು ಅದರೊಳಗೆ ಕೂತಿತ್ತಲ್ರೀ! ನನ್ನ ಮಗು ಕೂತಿತ್ತು!”

ಕ್ವಾರ್ಟರ್ಸಿನ ಸಾಲೆಲ್ಲ ಕೇಳಿಸಿಕೊಂಡಿತು. ಭಾವ ಗೋಡೆಗೊರಗಿ ನಿಂತು ಅಳತೊಡಗಿದರು.

“ಅತ್ರೆ ನಿಲ್ಲಿಸ್ತೀನಿ ಅಂದ್ಕೋಬೇಡಿ. ನಿಲ್ಲಿಸಲ್ಲ,” ಎಂದು ಅಕ್ಕ ತಾನೂ ಅಳುತ್ತ ಬೈಯುತ್ತಲೇ ಇದ್ದಳು. ಧ್ವನಿ ಕಟ್ಟಿದ ಮೇಲೆ ರಾಡನ್ನು ಬಕೆಟ್ಟಿಗೆ ಇಳಿಸಿ, ಸ್ವಿಚ್ಚು ಹಾಕಿ, ನೀರು ಕಾಯುವವರೆಗೆ ಭಾವನನ್ನು ಎದುರಿಗೇ ಕೂರಿಸಿಕೊಂಡಳು. ಅಂದು ಮಗುವಿಗೆ ನೀರು ಹಾಕಿದವರು ಭಾವ. ರಾತ್ರಿ ಮೇನ್ ಸ್ವಿಚ್ಚು ಇಳಿಯಲಿಲ್ಲ. ನಾನು ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು, ಮದರ್ ಡೈರಿಯ ಹಾಲಿನ ಹೊತ್ತು ಮೀರಿತ್ತು. ಇಡೀ ಮನೆ ಗೊರಕೆ ಹೊಡೆದ ರಾತ್ರಿ ಎಂದೇ ನಾನು ಅದನ್ನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಭಾವ ಈಗಿಲ್ಲ. ಅಕ್ಕ ಗುರುಗ್ರಾಮದಲ್ಲಿ ನಿಧಿಯ ಜೊತೆಗಿದ್ದಾಳೆ. ಮೊನ್ನೆ ಬಾಲ್ಕನಿಯಿಂದ ಒಳಗೆ ಬಂದವನು ನಿಧಿಗೆ ಫೋನು ಮಾಡಿದೆ. ಜೀಪಿನ ಬೆಂಕಿ ನೆನಪಿದೆಯೇನೇ ಎಂದು ಮೊದಲ ಸಲ ಕೇಳಿದೆ.

“ಸಚ್ ಮೇ, ನಿಜಕ್ಕೂ ಏನೂ ನೆನಪಿಲ್ಲ ಮಾಮ. ಅಮ್ಮ ಪಪ್ಪಾನ ಬೈದಿದ್ದು ನೆನಪಿದೆ. ಕಿತ್ನಾ ಚಿಲ್ಲಾಯೀ ಥೀ, ಎಷ್ಟು ಕೂಗಾಡಿದ್ಳು! ಪಪ್ಪಾ ಅಳ್ತಿದ್ರು. ಇನ್ನು ಮನೆ ಬಿಟ್ಟು ಹೋಗ್ತಾರೆ ಅಂದ್ಕೊಂಡೆ. ಆ ರಾತ್ರಿ ನಾನು ಮಲಗಲೇ ಇಲ್ಲ. ಎದ್ದು ಹೋದ್ರೆ ಗೊತ್ತಾಗ್ಲಿ ಅಂತ ಅವರ ಕೈ ಹಿಡ್ಕೊಂಡೇ ಇದ್ದೆ.”

“ಎದ್ದರೇನೇ?”

“ಇಲ್ಲ ಮಾಮ. ಒಂದ್ಸಲಾನೂ ಏಳಲಿಲ್ಲ.”

ನಾವು ಮೂವರು ಬೆಳಗಿನವರೆಗೆ ನಿದ್ದೆ ಹೋದ ಆ ರಾತ್ರಿ, ಐದು ವರ್ಷದವಳು ಅಪ್ಪನ ಸುಟ್ಟ ಕೈಯನ್ನು ಹಿಡಿದುಕೊಂಡು ಎಚ್ಚರವಾಗಿದ್ದಳು.