ಅತ್ತೆ ಕೇಳಿದ ಮುಯ್ಯಿ

ಮೊನ್ನೆ ಹಾಸನದಿಂದ ಬಿತ್ತನೆ ಆಲೂಗೆಡ್ಡೆ ತಂದು ಜಗುಲಿಯ ಮೇಲೆ ಚೀಲ ಬಿಚ್ಚಿದೆ. ಕೋಲ್ಡ್ ಸ್ಟೋರೇಜಿನ ತಣ್ಣನೆಯ ಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಎದುರುಮನೆ ಅತ್ತೆ ನೆನಪಾದಳು... ಸಂಬಂಧದಲ್ಲಿ ಅತ್ತೆಯೇನಲ್ಲ, ಚಿಕ್ಕಂದಿನಿಂದ ಹಾಗೆ ಕರೆದು ರೂಢಿ.

ಆಗ ನನಗೆ ಇಪ್ಪತ್ತು ದಾಟಿತ್ತು. ಶಾಂತಿಗ್ರಾಮದ ಹತ್ತಿರದ ನಮ್ಮೂರಿನಲ್ಲಿ ನನ್ನನ್ನು ಸೋಂಬೇರಿ ಅನ್ನದವರು ಕಡಿಮೆ. ಹಾಸನದ ಡಾಕ್ಟರು ಸ್ಕಿಜೋಫ್ರೇನಿಯಾ ಅಂದಿದ್ದರು. ಮಾತ್ರೆ ಶುರುವಾದ ಮೇಲೆ ಕಿವಿಯೊಳಗಿನ ದನಿಗಳು ಅಡಗಿದವು. ಆದರೆ ಯಾವುದೂ ಬೇಕು ಅನ್ನಿಸುತ್ತಿರಲಿಲ್ಲ. ಇದನ್ನು ಹೇಗೆ ಹೇಳಲಿ... ಅವ್ವ ಕೋಳಿ ಸಾರು ಬಡಿಸಿದರೆ ರುಚಿ ಚೆನ್ನಾಗಿಯೇ ಗೊತ್ತಾಗುತ್ತಿತ್ತು. ಆ ಸಾರಿಗಾಗಿ ಎದ್ದು ಕೈ ತೊಳೆಯುವುದೆಂದರೆ ಮಾತ್ರ ಬೆಟ್ಟ ಹತ್ತಿದಂತಾಗುತ್ತಿತ್ತು. ಕೊಟ್ಟಿಗೆ ಗುಡಿಸಿದರೆ ಬೈಕ್ ಕೊಡಿಸುತ್ತೇನೆ ಎಂದು ಅಪ್ಪ ಆಸೆ ತೋರಿಸಿದ. ಪಾಪ, ಆಸೆ ಇದ್ದವನಿಗಲ್ಲವೇ ಆಸೆ ತೋರಿಸುವುದು!

ಸೋತುಹೋದ ಅಪ್ಪ ಒಂದು ಸಂಜೆ ಅವ್ವನಿಗೆ, "ಬಿತ್ತನೆ ಮುಗೀಲಿ. ಇವನ್ನ ಯಾವ್ದಾದ್ರೂ ಆಶ್ರಮಕ್ಕೆ ಬುಟ್ಬುಟ್ಟು ಬತ್ತೀನಿ" ಅಂದ. ಗೋಡೆಯ ಈಚೆ ಮಲಗಿದ್ದ ನನಗೆ ಕೇಳಿಸಿತು. ಎದ್ದು ಹೋಗಿ ಬೇಡ ಅನ್ನುವಷ್ಟೂ ಮನಸ್ಸು ಏಳಲಿಲ್ಲ. ಅವ್ವ ಎದುರುಮನೆಗೆ ಹೋಗಿ ಹೇಳಿಕೊಂಡು ಅತ್ತಳಂತೆ.

ನಮ್ಮ ಕಡೆ ಮುಯ್ಯಾಳು ಪದ್ಧತಿ. ಇವತ್ತು ನಮ್ಮ ಕೆಲಸಕ್ಕೆ ನೀವು ಬಂದರೆ ನಾಳೆ ನಿಮ್ಮ ಕೆಲಸಕ್ಕೆ ನಾವು, ಕೂಲಿಯ ಮಾತಿಲ್ಲ. ಮುಯ್ಯಿ ತೀರಿಸದಿದ್ದರೆ ಮರ್ಯಾದೆ ಹೋಯಿತು. ಆ ಮುಂಗಾರಿಗೆ ಅತ್ತೆ ನಮ್ಮ ಮನೆಗೆ ಬಂದು ದಿನವಿಡೀ ಬಿತ್ತನೆ ಗೆಡ್ಡೆ ಕುಯ್ದಳು. ಹೋಗುವಾಗ ನನ್ನ ಹಾಸಿಗೆಯ ಪಕ್ಕ ನಿಂತು, "ಲೇ, ಇವತ್ತು ನಾನ್ ಬಂದಿದ್ದು ನಿನ್ ಪಾಲಿನ ಮುಯ್ಯಿ ಕಣ್ಲಾ. ತೀರ್ಸಕ್ಕೆ ನೀನೇ ಬರ್ಬೇಕು" ಅಂದಳು.

ನಾನು ಹೋಗಲಿಲ್ಲ. ನನ್ನ ಬದಲು ಅವ್ವ ಹೋದಳು. ಅತ್ತೆ ಅವಳನ್ನು ವಾಪಸು ಕಳಿಸಿದಳು. ಬಂದ ಮುಯ್ಯಾಳನ್ನು ಬಾಗಿಲಿಂದಲೇ ತಿರುಗಿಸುವುದೆಂದರೆ ನಮ್ಮೂರಲ್ಲಿ ದೊಡ್ಡ ಅವಮಾನ. ಅವ್ವ ಮುಖ ಊದಿಸಿಕೊಂಡು ಬಂದಳು. ಆಚೆ ಕಡೆ ಅತ್ತೆಯ ಮಗ ಕೂಗಾಡುತ್ತಿದ್ದ: "ನೆಲದ ಹದ ಆರೋಯ್ತಾ ಅದೆ, ಗೆಡ್ಡೆ ಇನ್ನೂ ಕುಯ್ದಿಲ್ಲ. ಆ ಉಚ್ಚನ್ನ ಕಾಯ್ಕಂಡು ಕೂತಿದ್ದೀಯಲ್ಲವ್ವ!" ಅತ್ತೆ ಜಗ್ಗಲಿಲ್ಲ.

ಮರುದಿನ ಗೆಡ್ಡೆಯ ಚೀಲವನ್ನೇ ಹೊರಿಸಿಕೊಂಡು ನಮ್ಮ ಜಗುಲಿಗೆ ಬಂದಳು. "ಬರಕ್ಕಾಗಲ್ವಾ? ಸರಿ, ಕೆಲ್ಸಾನೇ ನಿನ್ ತಾವ ಬಂದದೆ." ರಟ್ಟೆ ಹಿಡಿದು ನನ್ನನ್ನು ಕೂರಿಸಿ ಕೈಗೆ ಚಾಕು ಕೊಟ್ಟಳು. ನನಗೆ ಕಾಯಿಲೆ ಬಂದಾಗಿನಿಂದ ನಮ್ಮ ಮನೆಯ ಚಾಕು, ಮಚ್ಚು ಎಲ್ಲ ಅಕ್ಕಿ ಡ್ರಮ್ಮಿನ ಹಿಂದೆ ಅಡಗಿದ್ದವು. "ಅಯ್ಯೋ ಅತ್ಗೆ, ಅವನ ಕೈಗೆ ಕೊಡಬ್ಯಾಡಿ" ಎಂದು ಅವ್ವ ಓಡಿಬಂದಳು.

"ಮತ್ತಿನ್ನೇನು, ಉಗುರಲ್ಲಿ ಕುಯ್ದಾನಾ?" ಅಂದಳು ಅತ್ತೆ.

ಕುಯ್ದ ಪ್ರತಿ ತುಂಡಿನಲ್ಲೂ ಮೊಳಕೆಯ ಕಣ್ಣಿರಬೇಕು. "ಇದೊಂದು ಕುಯ್ಯಿ. ಸಾಕನ್ಸುದ್ರೆ ಬಿದ್ಕೊ ಓಗು" ಅಂದಳು. ಕುಯ್ದೆ. ತಕ್ಷಣ ಅಂಗೈಗೆ ಒಂದು ಚೂರು ಬೆಲ್ಲ ಬಿತ್ತು. ಅದು ಬಾಯಲ್ಲಿ ಕರಗುವ ಮುಂಚೆ ಇನ್ನೊಂದು ಗೆಡ್ಡೆ. ಸಂಜೆಗೆ ಸಿಗುವುದೆಲ್ಲ ಆಗ ನನಗೆ ಬಲು ದೂರ, ಆಗಿಂದಾಗಲೇ ಅಂಗೈಗೆ ಬಿದ್ದದ್ದು ಮಾತ್ರ ಹತ್ತಿರ. ಇದು ಅವಳಿಗೆ ಹೇಗೆ ಹೊಳೆಯಿತೋ... ನಾನು ಕೇಳಲಿಲ್ಲ. ಮಧ್ಯಾಹ್ನ ನನ್ನ ಕುಕ್ಕೆ ನೋಡಿದವಳೇ ಕೂಗಿಕೊಂಡಳು: "ಥೂ, ನಿನ್ ಮನೆ ಆಳಾಗ! ಅರ್ಧಕ್ಕರ್ಧ ಕಣ್ಣೇ ಇಲ್ಲವಲ್ಲೋ. ಇವನ್ನ ಬಿತ್ತಿ ನಿನ್ ತಲೆ ಬೆಳೀಲಾ?"

ಕಾಯಿಲೆಯಾದ ಮೇಲೆ ಎಲ್ಲರೂ ನನ್ನೊಡನೆ ಮಗುವನ್ನು ರಮಿಸುವಂತೆ ಮಾತಾಡುತ್ತಿದ್ದರು. ಉಳಿದವರ ಹಾಗೆ ಬೈಸಿಕೊಂಡು ಎಷ್ಟು ಕಾಲವಾಗಿತ್ತೋ. ಖುಷಿಯಾಗಿ ನಕ್ಕುಬಿಟ್ಟೆ. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹೊಲದಿಂದ ಬಂದ ಅಪ್ಪ ಅಂಗಳದಲ್ಲೇ ನಿಂತು ನನ್ನ ಕೈ ನೋಡುತ್ತಿದ್ದ. ಆಶ್ರಮದ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಅಂದಿನಿಂದ ಎಲ್ಲ ಸರಿಹೋಯಿತೆಂದಲ್ಲ. ಮಾತ್ರೆ ಇವತ್ತಿಗೂ ನುಂಗುತ್ತೇನೆ, ಕೆಲವು ದಿನ ಬೆಳಿಗ್ಗೆ ಕಂಬಳಿ ಸರಿಸುವುದೇ ದೊಡ್ಡ ಕೆಲಸ. ಆ ವರ್ಷವೂ, ಆಮೇಲೂ, ನಾನು ಮುದುರಿಕೊಂಡ ದಿನಗಳಲ್ಲಿ ಅತ್ತೆ ಏನಾದರೊಂದು ಕೆಲಸ ಹೊತ್ತುಕೊಂಡು ಬಂದೇ ಬರುತ್ತಿದ್ದಳು, ಅವರೆಕಾಯಿ ಸುಲಿಯುವುದೋ, ಹಗ್ಗ ಹೊಸೆಯುವುದೋ... ಈಗ ಅಪ್ಪನ ಹೊಲ ನಾನೇ ಮಾಡುತ್ತೇನೆ. ನನ್ನ ಮನೆಯಲ್ಲಿ, ನನ್ನ ಅವ್ವನ ಜೊತೆ ಇದ್ದೇನೆ. ಅದು ಅತ್ತೆಯ ಪುಣ್ಯ.

ಹೋದ ವರ್ಷ ಅತ್ತೆ ತೀರಿಕೊಂಡಳು. ಹೆಣದ ಮುಂದೆ ಕೂತರೂ ನನ್ನ ಕಣ್ಣಲ್ಲಿ ನೀರು ಬರಲಿಲ್ಲ, ಜನ ಏನಂದುಕೊಂಡರೋ. ಬದುಕಿದ್ದಾಗ ಅವಳಿಗೆ ಒಂದು ಒಳ್ಳೆಯ ಮಾತು ಹೇಳಿದವನಲ್ಲ. ಹೇಳುವುದಕ್ಕೂ ಮನಸ್ಸು ಏಳಬೇಕಲ್ಲ... ಅದು ಎದ್ದದ್ದು ತಡವಾಗಿ.

ಮೊನ್ನೆ ಜಗುಲಿಯಲ್ಲಿ ಗೆಡ್ಡೆ ಕುಯ್ಯುತ್ತಿದ್ದಾಗ ಅವ್ವ ಒಳಗಿನಿಂದ, "ಏನಾದ್ರೂ ಬೇಕೇನ್ಲಾ ಮಗ?" ಎಂದು ಕೇಳಿದಳು. ಈ ಪ್ರಶ್ನೆಗೆ ವರ್ಷಗಟ್ಟಲೆ ಏನೂ ಬೇಡ ಎನ್ನುತ್ತಲೇ ಬಂದವನು ನಾನು.

"ಅತ್ತೆ ಬೇಕಾಗಿತ್ತು ಕಣವ್ವ" ಅಂದೆ.