ಕೈಬಿಟ್ಟ ಸಾಲು

ಇಸ್ತ್ರಿ ಅಂಗಡಿಯ ಅಕ್ಕನನ್ನು ಅರಿಯದ ಹಾಡುಗಾರರು ಆ ಊರಿನಲ್ಲಿಲ್ಲ. ಅಂಗಡಿಯ ಹಿಂದೆ ಬಟ್ಟೆಗಂಟು ಇಡುತ್ತಿದ್ದ ಕೋಣೆಯೊಂದಿದೆ. ಈಗ ಅಲ್ಲಿ ಒಂದು ಮೈಕು, ಒಂದಕ್ಕೊಂದು ಹೋಲದ ಕುರ್ಚಿಗಳು, ಗೇಣೆತ್ತರದ ಹಲಗೆಯ ವೇದಿಕೆ. ಭಾನುವಾರ ಸಂಜೆ ಯಾರಾದರೂ ಬಂದು ಹಾಡಬಹುದು, ಹಾಡು ಮಾತ್ರ ಸ್ವಂತದ್ದಾಗಿರಬೇಕು. ಬಸ್ ಕಂಡಕ್ಟರ್, ಆಸ್ಪತ್ರೆಯ ನರ್ಸಮ್ಮ ಎಲ್ಲರೂ ಅಲ್ಲೇ ಪಳಗಿದವರು.

ಅಲ್ಲೊಂದು ಕಟ್ಟುಪಾಡು. ಹಾಡು ಮುಗಿಸಿದವರು, ಅದನ್ನು ಕಟ್ಟುವಾಗ ಕೈಬಿಟ್ಟ ಸಾಲೊಂದನ್ನೂ ಹಾಡಿಯೇ ಇಳಿಯಬೇಕು. ಇದರಿಂದ ಕಲಿಯುವವರಿಗೆ ಒಳ್ಳೆಯದಾಯಿತು, ಸುಳ್ಳಲ್ಲ. ಆದರೆ ಅಕ್ಕ ಅದನ್ನು ಮಾಡಿದ್ದು ಒಬ್ಬನೇ ಒಬ್ಬನಿಗಾಗಿ. ಅವನು ಅವಳ ತಂಗಿಯ ಗಂಡ.

ಅಮ್ಮ ಹಾಸಿಗೆ ಹಿಡಿದಾಗ ಅಕ್ಕ ಅವಳ ಕೈಗಳ ಮೇಲೊಂದು ಹಾಡು ಕಟ್ಟಿದ್ದಳು. ಬೆಣ್ಣೆ ಮಾತಿನ ಆ ಮಹಾಶಯ ಅದನ್ನು ಕೇಳಿಸಿಕೊಂಡು ಹೋಗಿ ತನ್ನದೆಂದು ಹಾಡಿ ದೊಡ್ಡ ಮನುಷ್ಯನಾದ. ಅಕ್ಕ ಬಾಯಿ ಬಡಿದುಕೊಂಡಳು. "ಒಂದು ಹಾಡು ತಾನೇ, ಇನ್ನೊಂದು ಕಟ್ಕೋ. ನನ್ನ ಸಂಸಾರ ಬೀದಿಗೆ ತರಬೇಡ" ಎಂದಳು ತಂಗಿ. ಆ ಮಾತು ಕಾದ ಇಸ್ತ್ರಿಯ ಹಾಗೆ ಎದೆಗೆ ತಾಗಿತು. ಅಂದಿನಿಂದ ಅಕ್ಕ ಬಾಯಿ ಮುಚ್ಚಿದಳು, ಕೋಣೆ ತೆರೆದಳು, ಕಾದಳು.

ಕೋಣೆ ಹೆಸರು ಮಾಡಿತು. ಅಕ್ಕ ನಗುನಗುತ್ತ ಕರೆಕಳಿಸಿದಳು. ಹಳೆಯ ಕೋಪ ಆರಿದೆ ಎಂದುಕೊಂಡು ಅವನು ಹೆಂಡತಿಯೊಡನೆ ಬಂದ. ಅಲ್ಲಿನ ಕಟ್ಟುಪಾಡು ವಿಚಾರಿಸುವ ವ್ಯವಧಾನ ದೊಡ್ಡವರಿಗೆಲ್ಲಿ! ಜನ ಕೇಳಿದರೆಂದು ಅಮ್ಮನ ಹಾಡನ್ನೇ ಹಾಡಿದ. ಚೆನ್ನಾಗಿಯೇ ಹಾಡಿದ, ಪಾಪಿ.

"ಕೈಬಿಟ್ಟ ಸಾಲು, ಸಾರ್?" ಕಂಡಕ್ಟರ್ ಕೂಗಿದ.

"ಅಂಥದ್ದೇನೂ ಇಲ್ಲಪ್ಪ. ಈ ಹಾಡು ಹಾಗೇ ಬಂದುಬಿಡ್ತು."

ಕೋಣೆಯೆಲ್ಲ ನಕ್ಕಿತು. ಹಾಡು ಕಟ್ಟಿ ಸುಸ್ತಾದವರೇ ಅಲ್ಲಿದ್ದವರೆಲ್ಲ. ನಗು ನಿಂತ ಮೇಲೂ ಅವನು ಮೈಕು ಹಿಡಿದು ತಡಬಡಾಯಿಸುತ್ತಿದ್ದ. ಅಕ್ಕ ಕೂತಲ್ಲಿಂದಲೇ ಅದೇ ಧಾಟಿಯಲ್ಲಿ ಎತ್ತಿಕೊಂಡಳು:

"ಎರಡು ಹೆಣ್ಣು ಹೆತ್ತಳು ಅಮ್ಮ, ನೀರು ಕುಡಿಸಿದ್ದೊಂದೇ ಕೈ;
ಮೂಗು ಮುಚ್ಚಿ ಹೊಸ್ತಿಲಾಚೆ ನಿಂತೇ ಇತ್ತು ಇನ್ನೊಂದು ಕೈ."

ಹಾಡು ಯಾರದೆಂದು ಇನ್ನು ಯಾರಿಗೂ ಹೇಳಬೇಕಾಗಿರಲಿಲ್ಲ. ಅವನು ಮೈಕು ಬಿಟ್ಟು, ಯಾರ ಮುಖವನ್ನೂ ನೋಡದೆ ಹೊರನಡೆದ. ಅಕ್ಕನಿಗೆ ಅಯ್ಯೋ ಅನ್ನಿಸಲಿಲ್ಲ, ಹೊಟ್ಟೆ ತಣ್ಣಗಾಯಿತು.

ಮುಂದಿನ ಸಾಲಿನಲ್ಲಿದ್ದ ತಂಗಿ ಮಾತ್ರ ಎದ್ದಿರಲಿಲ್ಲ.

"ಅಕ್ಕಾ, ಆ ಸಾಲನ್ನ ಆಗ ಯಾಕೆ ಬಿಟ್ಟಿದ್ದೆ?"

"ನಿನಗೆ ನೋವಾಗುತ್ತೆ ಅಂತ" ಎಂದಳು ಅಕ್ಕ. "ಆಗ ನೀನು ನನ್ನ ತಂಗಿ ಆಗಿದ್ದೆ."